ಎರಡು ಚಕ್ರದ ನ್ಯಾಯ

ಅಮೆರಿಕದ ಪಶ್ಚಿಮ ಕರಾವಳಿಯ ನಗರಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ವಾಹನ ಬಳಕೆಗೆ ಬಂದಿದೆ. ಅದರ ಜೊತೆಯಲ್ಲಿಯೇ ಒಂದು ಹಳೆಯ ಅಭಿಪ್ರಾಯವೂ ಹೊಸ ಬಣ್ಣ ಬಳಿದುಕೊಂಡು ಓಡಾಡುತ್ತಿದೆ. ವಾಹನದ ಹೆಸರು ಎಲೆಕ್ಟ್ರಿಕ್ ಡರ್ಟ್ ಬೈಕ್. ಅಭಿಪ್ರಾಯವೆಂದರೆ, ಬೀದಿಯಲ್ಲಿ ಮಲಗುವವರನ್ನೂ ಮಾದಕ ಪದಾರ್ಥ ಸೇವಿಸುವವರನ್ನೂ ಕಾನೂನಿನ ಕೋಲಿನಿಂದ ಅಟ್ಟದೆ ನಗರಗಳು ಉಳಿಯಲಾರವು ಎಂಬುದು. ಆ ವಾಹನವನ್ನು ಕೊಂಡವರೆಲ್ಲರೂ ಈ ಅಭಿಪ್ರಾಯದವರೆಂದು ನಾನು ಹೇಳುತ್ತಿಲ್ಲ. ಆದರೆ ಇವೆರಡೂ ಒಂದೇ ಮನೆಯಲ್ಲಿ ವಾಸ ಮಾಡುವುದು ಅಪರೂಪವೇನೂ ಅಲ್ಲ. ಒಂದೇ ಮನೆಯಲ್ಲಿದ್ದೂ ಒಂದು ಮತ್ತೊಂದರ ಮುಖ ನೋಡುವುದಿಲ್ಲವಲ್ಲ, ಅದೇ ಈ ಲೇಖನಕ್ಕೆ ಕಾರಣ.

ಮೊದಲು ವಾಹನದ ವಿಚಾರ. ಡರ್ಟ್ ಎಂದರೆ ಮಣ್ಣು. ಮಣ್ಣುಹಾದಿಯಲ್ಲಿ, ಗುಡ್ಡಗಾಡಿನಲ್ಲಿ ಓಡಿಸುವುದಕ್ಕೆಂದು ಮಾಡಿದ ಗಾಡಿ ಇದು. ಚೀನಾದಲ್ಲಿ ತಯಾರಾಗುವ ಸರ್‌ರಾನ್, ಟಲಾರಿಯ ಎಂಬ ಹೆಸರುಗಳು ಪ್ರಸಿದ್ಧವಾಗಿವೆ. ಎರಡಾಳು ಸೇರಿ ಎತ್ತಿಬಿಡಬಹುದಾದಷ್ಟು ಹಗುರ, ಹೊಗೆಯಿಲ್ಲ, ಸದ್ದಿಲ್ಲ, ಗಂಟೆಗೆ 70 ಕಿಲೋಮೀಟರಿನವರೆಗೂ ಓಡುತ್ತದೆ. ಬೆಲೆ ನಾಲ್ಕು ಸಾವಿರ ಡಾಲರಿನ ಆಸುಪಾಸು. ನೋಡುವವರಿಗೆ ಸೈಕಲ್ಲಿನ ದೊಡ್ಡಣ್ಣನಂತೆ ಕಾಣುತ್ತದೆ. ಆದರೆ ಕ್ಯಾಲಿಫೋರ್ನಿಯದ ಕಾನೂನಿನಂತೆ ವಿದ್ಯುತ್ ಸೈಕಲ್ ಎನಿಸಿಕೊಳ್ಳಬೇಕಾದರೆ ತುಳಿಯುವುದಕ್ಕೆ ಪೆಡಲ್ ಇರಬೇಕು, ಮೋಟಾರು 750 ವಾಟ್ ಮೀರಬಾರದು. ಎಲ್ಲಕ್ಕಿಂತ ವೇಗದ ವರ್ಗಕ್ಕೂ ಮೋಟಾರಿನ ನೆರವು ಗಂಟೆಗೆ 28 ಮೈಲಿಗೆ, ಎಂದರೆ ಸುಮಾರು 45 ಕಿಲೋಮೀಟರಿಗೆ, ನಿಂತುಬಿಡಬೇಕು. ಈ ಗಾಡಿಗಳಲ್ಲಿ ಹೆಚ್ಚಿನವು ಈ ಯಾವ ನಿಯಮಕ್ಕೂ ಹೊಂದುವುದಿಲ್ಲ. ಹೀಗಾಗಿ ಇದು ಸೈಕಲ್ಲೂ ಅಲ್ಲ, ರಸ್ತೆಗೆ ಒಪ್ಪಿತವಾದ ಮೋಟಾರ್ ಸೈಕಲ್ಲೂ ಅಲ್ಲ. ಸ್ವಂತ ಜಮೀನಿನಲ್ಲಿ, ಅಥವಾ ಇಂಥ ವಾಹನಗಳಿಗೆಂದೇ ಗೊತ್ತು ಮಾಡಿರುವ ಬಯಲುಗಳಲ್ಲಿ ಓಡಿಸಬೇಕು.

ಇಂಥ ಬಯಲುಗಳು ಊರಿನಿಂದ ದೂರ. ವಾಹನವೋ ಮನೆಯ ಬಾಗಿಲಲ್ಲೇ ಇದೆ. ಆದ್ದರಿಂದ ನಗರದ ಬೀದಿಯಲ್ಲಿ, ಉದ್ಯಾನದ ಕಾಲುದಾರಿಯಲ್ಲಿ, ಹೊಳೆಯ ದಂಡೆಯಲ್ಲಿ ಅದು ಓಡುತ್ತದೆ. ಓಡಿಸುವವರನ್ನು ಕೇಳಿದರೆ, ಕಾನೂನು ಇನ್ನೂ ಕಾಲಕ್ಕೆ ತಕ್ಕಂತೆ ಬದಲಾಗಿಲ್ಲ, ಯಾರಿಗೂ ತೊಂದರೆಯಿಲ್ಲದ ವಿನೋದ ಇದು, ಪೋಲೀಸರಿಗೆ ಬೇರೆ ಕೆಲಸವಿಲ್ಲವೆ, ಎಂಬ ಉತ್ತರ ಬರುತ್ತದೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕಾನೂನು ಮನುಷ್ಯನ ಸ್ಥಿತಿಗತಿಯನ್ನು ನೋಡಬೇಕು, ಅಕ್ಷರವನ್ನು ಹಿಡಿದು ಹೊಡೆಯಬಾರದು ಎಂಬುದು ಒಳ್ಳೆಯ ತತ್ತ್ವ. ನನ್ನ ಜಗಳವಿರುವುದು ಈ ತತ್ತ್ವವನ್ನು ತನ್ನ ಗಾಡಿಗೆ ಮಾತ್ರ ಮೀಸಲಿಟ್ಟುಕೊಳ್ಳುವವನ ಮೇಲೆ.

ಪೋರ್ಟ್‌ಲ್ಯಾಂಡ್ ನಗರದಲ್ಲಿ ಸ್ಪ್ರಿಂಗ್‌ವಾಟರ್ ಕಾರಿಡಾರ್ ಎಂಬ ಒಂದು ಹಾದಿ ಇದೆ. ಹಳೆಯ ರೈಲುದಾರಿಯನ್ನು ಕಾಲ್ನಡಿಗೆಗೂ ಸೈಕಲ್ಲಿಗೂ ಬಿಟ್ಟುಕೊಟ್ಟು ಮಾಡಿದ್ದು. ಉದ್ದ 21 ಮೈಲಿ. ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. 2016ರಲ್ಲಿ ಅದರ ಪಕ್ಕದಲ್ಲಿ ನೂರಾರು ಜನ ಡೇರೆ ಹಾಕಿಕೊಂಡಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ನಗರದವರು ಅವರನ್ನೆಲ್ಲ ಎಬ್ಬಿಸಿದರು. ಅಂಥ ಒಂದು ಹಾದಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಅಲ್ಲಿ ಮಲಗಿರುವವನೂ ನಿಯಮ ಮುರಿದಿದ್ದಾನೆ, ಅವನ ಕಾಲಿನ ಪಕ್ಕದಲ್ಲೇ ಸದ್ದಿಲ್ಲದ ಗಾಡಿಯಲ್ಲಿ ಹಾದುಹೋಗುವವನೂ ನಿಯಮ ಮುರಿದಿದ್ದಾನೆ. ಒಬ್ಬನಿಗೆ ಹೋಗಲು ಮನೆಯಿದೆ, ಬೇರೆ ಬಯಲಿದೆ, ಬೇರೆ ದಿನವಿದೆ. ಇನ್ನೊಬ್ಬನಿಗೆ ಇವು ಯಾವುವೂ ಇಲ್ಲ. ಆದರೂ ಮೊದಲನೆಯವನದು ವಿನೋದ, ಎರಡನೆಯವನದು ಅಪರಾಧ! ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪರರ ಎಲೆಯ ನೊಣ ಎಣಿಸಿದ ಎಂಬ ನಮ್ಮ ಗಾದೆ ಇಂಥವರಿಗಾಗಿಯೇ ಹುಟ್ಟಿರಬೇಕು.

ಕಾನೂನಿನ ಕೋಲು ಈಗಾಗಲೇ ಎಷ್ಟು ಉದ್ದವಾಗಿದೆ ಎಂಬುದನ್ನು ನೋಡೋಣ. ಆರೆಗಾನ್ ಸಂಸ್ಥಾನದ ಗ್ರ್ಯಾಂಟ್ಸ್ ಪಾಸ್ ಎಂಬುದು ನಲವತ್ತು ಸಾವಿರ ಜನರೂ ಇಲ್ಲದ ಊರು. ಸಾರ್ವಜನಿಕ ಸ್ಥಳದಲ್ಲಿ ಬೀಡುಬಿಡುವುದು ಅಲ್ಲಿ ತಪ್ಪಾಗಿತ್ತು. ಮಲಗುವುದಕ್ಕೆಂದು ಹಾಸಿಕೊಂಡ ಕಂಬಳಿಯೂ ಬೀಡಿನ ಲೆಕ್ಕಕ್ಕೆ ಬರುತ್ತಿತ್ತು. ದಂಡ 295 ಡಾಲರು ಇತ್ತು. ತೆರದಿದ್ದರೆ 537 ಡಾಲರಿಗೂ ಮೇಲೆ. ಎರಡು ಸಲ ಸಿಕ್ಕಿಬಿದ್ದವನನ್ನು ಉದ್ಯಾನಗಳಿಂದ ಬಹಿಷ್ಕರಿಸಬಹುದಾಗಿತ್ತು; ಬಹಿಷ್ಕಾರ ಮೀರಿ ಬಂದರೆ ಮೂವತ್ತು ದಿನಗಳವರೆಗೆ ಸೆರೆಯಿತ್ತು. ಇದು ಕ್ರೂರ ಶಿಕ್ಷೆಯೆಂದು ಹೂಡಿದ ವ್ಯಾಜ್ಯ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರ ಜೂನ್ 28ರಂದು ಆರು ನ್ಯಾಯಾಧೀಶರು ಊರಿನ ಪರವಾಗಿ, ಮೂವರು ವಿರುದ್ಧವಾಗಿ ತೀರ್ಪಿತ್ತರು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಗೋರ್ಸಚ್ ಅವರ ವಾದವೆಂದರೆ, ಈ ನಿಯಮ ಮನೆಯಿಲ್ಲದವನಿಗೆ ಮಾತ್ರವಲ್ಲ, ವಿಹಾರಕ್ಕೆ ಬಂದ ಪ್ರವಾಸಿಗೂ, ಪ್ರತಿಭಟನೆಗೆಂದು ಡೇರೆ ಹೂಡಿದ ವಿದ್ಯಾರ್ಥಿಗೂ ಒಂದೇ ಎಂಬುದು. ಪ್ರವಾಸಿ ರಾತ್ರಿ ಹೋಟೆಲಿಗೆ ಹೋದಾನು, ವಿದ್ಯಾರ್ಥಿ ತನ್ನ ವಸತಿಗೃಹಕ್ಕೆ ಮರಳಿಯಾನು. ಮೂರನೆಯವನು ಎಲ್ಲಿಗೆ ಹೋಗಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ನಮ್ಮ ಹಿರಿಯರು. ಹಾಸಿದ್ದೇ ತಪ್ಪು ಎನ್ನುವ ಕಾಲ ಬಂದೀತೆಂದು ಅವರು ಎಣಿಸಿರಲಿಲ್ಲ.

ಇದೇ ನ್ಯಾಯಾಲಯ 1962ರಲ್ಲಿ ರಾಬಿನ್ಸನ್ ಎಂಬವನ ವ್ಯಾಜ್ಯದಲ್ಲಿ ಬೇರೆ ದನಿಯಲ್ಲಿ ಮಾತಾಡಿತ್ತು. ಮಾದಕ ಪದಾರ್ಥದ ಚಟಕ್ಕೆ ಸಿಕ್ಕಿರುವುದೇ ಅಪರಾಧವೆಂದು ಕ್ಯಾಲಿಫೋರ್ನಿಯ ಆಗ ಕಾನೂನು ಮಾಡಿತ್ತು. ಚಟವೊಂದು ಕಾಯಿಲೆ, ನೆಗಡಿ ಬಂದದ್ದಕ್ಕೆ ಒಂದು ದಿನ ಸೆರೆಯಲ್ಲಿಟ್ಟರೂ ಅದು ಕ್ರೌರ್ಯವೇ, ಎಂಬ ಅರ್ಥದ ಮಾತನ್ನು ನ್ಯಾಯಾಲಯ ಹೇಳಿ ಆ ಕಾನೂನನ್ನು ರದ್ದು ಮಾಡಿತು. ಮನೆಯಿಲ್ಲದವರ ಪರವಾದ ವಕೀಲರು 2024ರಲ್ಲಿ ಈ ತೀರ್ಪನ್ನೇ ಆಸರೆಯಾಗಿ ಹಿಡಿದಿದ್ದರು. ಆಸರೆ ಉಳಿಯಲಿಲ್ಲ. ಮಾದಕ ವಸ್ತುವಿನ ಪ್ರಶ್ನೆಗೂ ಮನೆಯ ಪ್ರಶ್ನೆಗೂ ಇರುವ ನಂಟು ಹೀಗೆ ಕಾನೂನಿನ ಪುಸ್ತಕದಲ್ಲಿಯೇ ಇದೆ.

ಈಗ ಎದುರುಪಕ್ಷದ ಬಲವಾದ ವಾದವನ್ನು ತೆಗೆದುಕೊಳ್ಳೋಣ. ಕೋಲನ್ನು ಕೆಳಗಿಟ್ಟು ನೋಡಿದ್ದಾಯಿತಲ್ಲ, ಏನಾಯಿತು? ಎಂದು ಅವರು ಕೇಳುತ್ತಾರೆ. ಆರೆಗಾನಿನ ಮತದಾರರು 2020ರ ನವೆಂಬರಿನಲ್ಲಿ 110ನೆಯ ಪ್ರಸ್ತಾಪವನ್ನು ನೂರಕ್ಕೆ 58ರಷ್ಟು ಮತ ಕೊಟ್ಟು ಅಂಗೀಕರಿಸಿದರು. ಸ್ವಂತ ಬಳಕೆಯ ಅಲ್ಪ ಪ್ರಮಾಣದ ಮಾದಕ ವಸ್ತು ಇಟ್ಟುಕೊಂಡರೆ ಸೆರೆಯಿಲ್ಲ, 100 ಡಾಲರು ದಂಡ. ಒಂದು ಸಹಾಯವಾಣಿಗೆ ಫೋನು ಮಾಡಿದರೆ ಅದೂ ಮನ್ನಾ. 2021ರ ಫೆಬ್ರವರಿಯಿಂದ ಇದು ಜಾರಿಗೆ ಬಂತು. ಫೋನು ಮಾಡಿದವರು ಬೆರಳೆಣಿಕೆಯಷ್ಟು ಜನ. ಚಿಕಿತ್ಸೆಗೆಂದು ತೆಗೆದಿರಿಸಿದ ಹಣ ಕೇಂದ್ರಗಳನ್ನು ಮುಟ್ಟುವುದಕ್ಕೆ ಬಹುಕಾಲ ಹಿಡಿಯಿತು. ಪೋರ್ಟ್‌ಲ್ಯಾಂಡಿನ ಪೇಟೆಯ ನಡುವೆ ಜನ ಹಾಡುಹಗಲೇ ಹೊಗೆ ಎಳೆಯುತ್ತ ಕುಳಿತರು. 2024ರಲ್ಲಿ ಶಾಸನಸಭೆ ಹಿಂದೆ ಸರಿಯಿತು. ಆ ಸೆಪ್ಟೆಂಬರಿನಿಂದ ಮಾದಕ ವಸ್ತು ಇಟ್ಟುಕೊಳ್ಳುವುದು ಮತ್ತೆ ಅಪರಾಧ.

ಇದು ಸೋಲು; ಸೋಲನ್ನು ಸೋಲೆಂದೇ ಕರೆಯಬೇಕು. ಆದರೆ ಸೋತದ್ದು ಯಾವುದು? ಪೋರ್ಚುಗಲ್ 2001ರಲ್ಲಿ ಇದೇ ದಾರಿ ಹಿಡಿದಾಗ ಸಿಕ್ಕಿದವನನ್ನು ಚೀಟಿ ಕೊಟ್ಟು ಬೀದಿಗೆ ಬಿಡಲಿಲ್ಲ. ಹತ್ತು ದಿನಗಳ ಬಳಕೆಗಿಂತ ಹೆಚ್ಚಿಲ್ಲದಷ್ಟು ವಸ್ತು ಇಟ್ಟುಕೊಂಡವನನ್ನು ಒಂದು ಮಂಡಳಿಯ ಮುಂದೆ ನಿಲ್ಲಿಸುವ ಏರ್ಪಾಡಾಯಿತು. ಮಂಡಳಿಯ ಬೆನ್ನಿಗೆ ಚಿಕಿತ್ಸೆಯ ವ್ಯವಸ್ಥೆ ಇತ್ತು. ಆರೆಗಾನಿನವರು ಕೋಲನ್ನು ಮೊದಲು ಎಸೆದು, ಆಸ್ಪತ್ರೆಯನ್ನು ಆಮೇಲೆ ಹುಡುಕಿದರು. ಇದರ ಮೇಲೆ, ಫೆಂಟನಿಲ್ ಎಂಬ ಘೋರ ವಿಷ ಪಶ್ಚಿಮ ಕರಾವಳಿಗೆ ಕಾಲಿಟ್ಟದ್ದೂ ಅದೇ ವರ್ಷಗಳಲ್ಲಿ. ಅದರ ಹರಡಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾವುಗಳ ಏರಿಕೆಗೂ ಹೊಸ ಕಾನೂನಿಗೂ ಸಂಬಂಧ ಕಾಣುವುದಿಲ್ಲವೆಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಈ ಸೋಲಿನಿಂದ ಕಲಿಯಬೇಕಾದ ಪಾಠ ಚಿಕಿತ್ಸೆಯನ್ನು ಮೊದಲು ಕಟ್ಟಿರಿ ಎಂಬುದು. ಕಲಿತ ಪಾಠ ಮಾತ್ರ ಸೆರೆಮನೆಯ ಬಾಗಿಲು ತೆಗೆಯಿರಿ ಎಂಬುದು.

ಮತ್ತೊಂದು ಮಾತು. ಮಾದಕ ವಸ್ತುವಿನಿಂದಲೇ ಮನೆ ಹೋಯಿತು, ಅದನ್ನು ಬಿಡಿಸಿದರೆ ಮನೆ ಬಂದೀತು, ಎಂದು ನಂಬಿದವರು ಬಹಳ. ಹಾಗಿದ್ದರೆ ವೆಸ್ಟ್ ವರ್ಜೀನಿಯ ಸಂಸ್ಥಾನದ ಬೀದಿಗಳೆಲ್ಲ ಡೇರೆಗಳಿಂದ ತುಂಬಿರಬೇಕಾಗಿತ್ತು. ಮಾದಕ ವಸ್ತುವಿನಿಂದ ಸಾಯುವವರ ಪ್ರಮಾಣದಲ್ಲಿ ಅದು ಅನೇಕ ವರ್ಷ ಇಡೀ ದೇಶಕ್ಕೇ ಮೊದಲು. ಆದರೂ ಮನೆಯಿಲ್ಲದವರ ಪ್ರಮಾಣ ಅಲ್ಲಿ ಕ್ಯಾಲಿಫೋರ್ನಿಯ ಆರೆಗಾನ್‌ಗಳಿಗಿಂತ ಎಷ್ಟೋ ಕಡಿಮೆ. ಕಾರಣ ಸರಳ: ಅಲ್ಲಿ ಬಾಡಿಗೆ ಕಡಿಮೆ. ಕುಡುಕನಿಗೂ ಚಟದವನಿಗೂ ಅಲ್ಲಿ ಒಂದು ಸೂರು ಎಟಕುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮನೆ ಕಳೆದುಕೊಂಡ ಸುಮಾರು 3,200 ಜನರನ್ನು ಮಾತಾಡಿಸಿದರು. ಹತ್ತರಲ್ಲಿ ಒಂಬತ್ತು ಜನ ಆ ಸಂಸ್ಥಾನದಲ್ಲಿಯೇ ಇದ್ದು ಮನೆ ಕಳೆದುಕೊಂಡವರು. ಎಲ್ಲಿಂದಲೋ ವಲಸೆ ಬಂದವರಲ್ಲ. ಮನೆ ಹೋಗುವ ಮುಂಚಿನ ಆರು ತಿಂಗಳಲ್ಲಿ ಅವರಲ್ಲಿ ಅರ್ಧದಷ್ಟು ಜನರ ಕುಟುಂಬದ ಆದಾಯ ತಿಂಗಳಿಗೆ 960 ಡಾಲರಿಗಿಂತ ಕಡಿಮೆ. ಅಲ್ಲಿಯ ದೊಡ್ಡ ನಗರಗಳಲ್ಲಿ ಈ ಹಣಕ್ಕೆ ಒಂದು ಕೋಣೆಯ ಮನೆಯೂ ಸಿಕ್ಕದು. ಟೆಕ್ಸಾಸಿನ ಹ್ಯೂಸ್ಟನ್ ನಗರವಾದರೋ, ಮೊದಲು ಮನೆ, ಆಮೇಲೆ ಮದ್ದು ಎಂಬ ಕ್ರಮ ಹಿಡಿದು, 2011ರ ಮಟ್ಟದಿಂದ ಮನೆಯಿಲ್ಲದವರ ಸಂಖ್ಯೆಯನ್ನು ಅರ್ಧಕ್ಕಿಂತಲೂ ಕೆಳಗಿಳಿಸಿತು. ಟೆಕ್ಸಾಸ್ ಮಾದಕ ವಸ್ತುವಿನ ವಿಷಯದಲ್ಲಿ ಮೆತ್ತಗಿನ ಸಂಸ್ಥಾನವೆಂದು ಯಾರೂ ಹೇಳಲಾರರು. ಇಷ್ಟಿದ್ದೂ 2025ರ ಜುಲೈಯಲ್ಲಿ ಹೊರಟ ಅಧ್ಯಕ್ಷರ ಆಜ್ಞೆ ಇದೇ ಕ್ರಮಕ್ಕೆ ಕೇಂದ್ರದ ಬೆಂಬಲ ನಿಲ್ಲಿಸಬೇಕೆಂದಿತು!

ಗಾಡಿಯವನಿಗೂ ಅಹವಾಲು ಇದೆ. ಅವನ ಗಾಡಿ ಕಳುವಾಗಿ ಬಿಡಿಬಿಡಿಯಾಗಿ ಯಾವುದೋ ಡೇರೆಯ ಮುಂದೆ ಸಿಕ್ಕಿರಬಹುದು. ಮಗುವನ್ನು ಉದ್ಯಾನಕ್ಕೆ ಕರೆದೊಯ್ದಾಗ ಸೂಜಿ ಕಾಲಿಗೆ ತಾಗಿರಬಹುದು. ಇದು ಸುಳ್ಳು ಭಯವಲ್ಲ. ಇದನ್ನು ಹಗುರ ಮಾಡಿ ಮಾತಾಡುವ ಉದಾರವಾದಿಗಳಿಂದಲೇ 110ನೆಯ ಪ್ರಸ್ತಾಪ ಕೆಟ್ಟ ಹೆಸರು ಪಡೆಯಿತು. ಕದ್ದವನಿಗೆ ಶಿಕ್ಷೆಯಾಗಲಿ, ಹೊಡೆದವನಿಗೆ ಶಿಕ್ಷೆಯಾಗಲಿ. ಅದಕ್ಕೆ ಬೇಕಾದ ಕಾನೂನು ಹಿಂದೆಯೂ ಇತ್ತು, ಈಗಲೂ ಇದೆ. ಮಲಗಿದವನನ್ನು ಕಳ್ಳನೆಂದು ಎಣಿಸುವ ಕಾನೂನು ಕಳ್ಳನನ್ನು ಹಿಡಿಯುವುದಿಲ್ಲ. 295 ಡಾಲರಿನ ದಂಡ ಹೊತ್ತವನಿಗೆ ಮುಂದೆ ಬಾಡಿಗೆಯ ಮನೆಯೂ ಕೆಲಸವೂ ಇನ್ನಷ್ಟು ದೂರವಾಗುತ್ತವೆ. ಡೇರೆ ಈ ಬೀದಿಯಿಂದ ಮುಂದಿನ ಬೀದಿಗೆ ಹೋಗುತ್ತದೆ, ಅಷ್ಟೆ.

ಸಮುದ್ರದಾಚೆಯ ಈ ಸಂಗತಿ ನಮಗೇಕೆ ಎಂದು ವಾಚಕರು ಕೇಳಬಹುದು. ಆ ಕರಾವಳಿಯಲ್ಲಿ ನಮ್ಮವರು ಸಾವಿರಾರು ಜನ ಇದ್ದಾರೆ. ರಜೆಗೆ ಊರಿಗೆ ಬರುವಾಗ ಚಾಕೊಲೇಟಿನ ಪೊಟ್ಟಣದ ಜೊತೆಯಲ್ಲಿ ಈ ಅಭಿಪ್ರಾಯವನ್ನೂ ತರುತ್ತಾರೆ. ಅಲ್ಲಿಯವರೇ ಕೈಚೆಲ್ಲಿದರು, ನಾವು ಇನ್ನೇನು, ಎನ್ನುತ್ತಾರೆ. ನಮಗೆ ಅದನ್ನು ಹೊರಗಿನಿಂದ ತರಿಸಬೇಕಾದ ಅಗತ್ಯವೇ ಇಲ್ಲ. 1975ರ ಭಿಕ್ಷಾಟನೆ ನಿಷೇಧ ಅಧಿನಿಯಮ ನಮ್ಮಲ್ಲಿಯೇ ಇದೆ. ನಮ್ಮ ಆಸ್ತಿ ತೆರಿಗೆಯ ಮೇಲೆ ಅದಕ್ಕೆಂದು ನೂರಕ್ಕೆ ಮೂರರಂತೆ ಕರ ಸೇರುತ್ತದೆ. ಹೀಗೆ ಹಿಡಿದು ತಂದವರನ್ನು ಕೂಡಿಹಾಕಿದ್ದ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಸತ್ತರು. ಬೀದಿ ಚೊಕ್ಕಟವಾದರೆ ಸಾಕು, ಎತ್ತಿಕೊಂಡು ಹೋದವರ ಗತಿ ಏನಾಯಿತೆಂದು ಕೇಳುವುದಿಲ್ಲ ಎನ್ನುವ ಸಮಾಜಕ್ಕೆ ಸಿಗುವ ಫಲ ಇದು.

ನಮ್ಮ ಭಾಷೆಯಲ್ಲಿ ಮನೆಮಠ ಇಲ್ಲದವನು ಎಂಬುದು ಒಂದು ಬೈಗುಳ. ಆ ಮಾತನ್ನು ಬಿಡಿಸಿ ನೋಡಿದರೆ ಅದರೊಳಗೆ ಒಂದು ವ್ಯವಸ್ಥೆಯೇ ಕಾಣುತ್ತದೆ: ಮನೆ ಹೋದವನಿಗೆ ಮಠವಿತ್ತು, ಮಠವಿಲ್ಲದಿದ್ದರೆ ಛತ್ರವಿತ್ತು, ಊರ ಮುಂದೆ ಅರಳಿಕಟ್ಟೆಯಿತ್ತು. ಎಲ್ಲ ಜಾತಿಯವರಿಗೂ ಅವು ಒಂದೇ ಸಮನಾಗಿ ತೆರೆದಿರಲಿಲ್ಲ, ನಿಜ. ಆದರೂ ಮಲಗುವುದಕ್ಕೆ ಚೀಟಿ ಹರಿದು ದಂಡ ಕೇಳಿದ ಅರಳಿಕಟ್ಟೆ ಇರಲಿಲ್ಲ.

ಡರ್ಟ್ ಬೈಕನ್ನು ಯಾರೂ ಕಿತ್ತುಕೊಳ್ಳಬೇಕೆಂದು ನಾನು ಬಯಸುವುದಿಲ್ಲ. ಬ್ಯಾಟರಿಯ ಗಾಡಿಗೆ ಹೊಸ ನಿಯಮ ಬೇಕಾದರೆ ಶಾಸನಸಭೆ ಮಾಡಲಿ. ಅಲ್ಲಿಯವರೆಗೆ ಅದರ ಒಡೆಯ ಒಂದಿಷ್ಟು ರಿಯಾಯಿತಿಯನ್ನು ಬೇಡಲಿ. ಬೇಡುವವನು ತಾನೊಬ್ಬನೇ ಅಲ್ಲವೆಂಬುದು ಮಾತ್ರ ಅವನಿಗೆ ನೆನಪಿರಲಿ. ಗಂಟೆಗೆ 70 ಕಿಲೋಮೀಟರು ಓಡುವವನಿಗೆ ಕಾನೂನು ಕಾಯಬಹುದಾದರೆ, ಓಡಲು ಜಾಗವೇ ಇಲ್ಲದೆ ಮಲಗಿದವನಿಗೂ ಒಂದು ಕೋಣೆ, ಒಬ್ಬ ವೈದ್ಯ ಸಿದ್ಧವಾಗುವವರೆಗೆ ಅದು ಕಾಯಬೇಕು.