ಪಕ್ಕದ ಕೋಣೆಯಲ್ಲಿ ಎಚ್ಚರವಿರುವವರು

ಇಕ್ಕೇರಿ ಸೀಮೆಯ ಬಂಧುಗಳೇ, ಸಾಗರದಿಂದ ಹೊಸನಗರದ ತನಕ, ಅಲ್ಲಿಂದ ತೀರ್ಥಹಳ್ಳಿಯ ತನಕ, ಎಷ್ಟೋ ಮನೆಗಳಲ್ಲಿ ದೀಪ ಆರಿಸಿದ ಮೇಲೂ ಒಂದು ಜೀವ ಎಚ್ಚರವಿರುತ್ತದೆ. ಅದು ನಿಮಗೆ ಗೊತ್ತು. ನಡುರಾತ್ರಿ ಬಚ್ಚಲ ಬಾಗಿಲು ಕಿರುಗುಟ್ಟಿದ್ದು, ಕವಳದ ಡಬ್ಬಿಯ ಮುಚ್ಚಳ ತೆಗೆದದ್ದು ನಿಮ್ಮ ಕಿವಿಗೂ ಬಿದ್ದಿದೆ. ಮಗ್ಗುಲು ಬದಲಿಸಿ ಮಲಗಿದ್ದೀರಿ. ಬೆಳಿಗ್ಗೆ "ರಾತ್ರಿಯೆಲ್ಲ ನಿದ್ದೆಯೇ ಇಲ್ಲ" ಎಂದ ಅಮ್ಮನಿಗೆ "ವಯಸ್ಸಾಯ್ತಲ್ಲ" ಎಂದು ತೋಟಕ್ಕಿಳಿದಿದ್ದೀರಿ. ಪ್ರೀತಿಯಿಲ್ಲದೆ ಅಲ್ಲ, ಏನು ಮಾಡಬೇಕೆಂದು ತೋಚದೆ.

ಕೇಳಿ, ದಯವಿಟ್ಟು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ. "ನಿದ್ದೆಯೇ ಇಲ್ಲ" ಎಂಬ ಆ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಕಟಗಳಿವೆ. ಎಲೆಚುಕ್ಕೆ ರೋಗ ಬಿದ್ದ ಅಡಿಕೆ ತೋಟವನ್ನೂ ಸೊಸೈಟಿ ಸಾಲವನ್ನೂ ನೆನೆಯುತ್ತ ಮಲಗಿದ ಅಪ್ಪನಿಗೆ ಒಂದು ಗಂಟೆಯಾದರೂ ಕಣ್ಣು ಹತ್ತುವುದಿಲ್ಲ. ಆ ಜೀವ ಎಚ್ಚರವಿದೆ. ಅಜ್ಜಿಗೆ ಬೇಗ ನಿದ್ದೆ ಹತ್ತುತ್ತದೆ, ಮಂಡಿನೋವಿಗೋ ಮೂತ್ರಕ್ಕೋ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಆ ಜೀವವೂ ಎಚ್ಚರವಿದೆ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟು, ಇಂದಿಗೂ ಜಮೀನಿನ ಹಕ್ಕುಪತ್ರ ಕಾಣದ ಕುಟುಂಬದ ಹಿರಿಯರೊಬ್ಬರು ಮೂರು ಗಂಟೆಗೆ ಎದ್ದರೆ ಮತ್ತೆ ಮಲಗಲಾರರು. ಬೆಳಗಾಗುವುದೇ ಬೇಡವೆನ್ನಿಸುವ ಆ ಹೊತ್ತಿನ ಹಿಂದೆ ಖಿನ್ನತೆ ಇರಬಹುದು, ಹಗುರವಾಗಿ ಎಣಿಸಬೇಡಿ. ಸಾವು-ನೋವಿನ ಮನೆಯಲ್ಲಿ ನಾಲ್ಕು ದಿನ ನಿದ್ದೆ ಕೆಡುವುದು ಸಹಜ; ವಾರಕ್ಕೆ 3 ರಾತ್ರಿಯಾದರೂ ಹೀಗಾಗುತ್ತ 3 ತಿಂಗಳು ಕಳೆದರೆ ಅದು ದೀರ್ಘಕಾಲದ ನಿದ್ರಾಹೀನತೆ.

ಆದರೆ ಸುಗ್ಗಿಯಲ್ಲಿ ನಿಮ್ಮ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು, ಕೈಯ ಕರೆ ತಿಕ್ಕಿ ತೊಳೆದು, ಐದಕ್ಕೆಲ್ಲ ಎದ್ದು ಒಲೆ ಹೊತ್ತಿಸುವ ಹೆಂಗಸಿನದು ಈ ಕಾಯಿಲೆಯೇ ಅಲ್ಲ. ಆಕೆಗೆ ನಿದ್ದೆ ಬರುತ್ತದೆ, ಮಲಗಲು ಹೊತ್ತಿಲ್ಲ. ಆಕೆಗೆ ಬೇಕಾದದ್ದು ಬೇಗ ಮನೆಗೆ ಹೋದರೂ ಕಡಿಮೆಯಾಗದ ಕೂಲಿ. ಅದು ನಿಮ್ಮ ಕೈಯಲ್ಲೇ ಇದೆ.

ಇನ್ನು ನಿದ್ದೆ ಬಾರದ ಹಿರಿಯರಿಗೆ ಪೇಟೆಯಿಂದ ಬರುವಾಗ ಹಳೇ ಚೀಟಿ ತೋರಿಸಿ ನಿದ್ದೆ ಮಾತ್ರೆ ತಂದುಕೊಟ್ಟು ಕೈತೊಳೆದುಕೊಳ್ಳಬೇಡಿ. ಆಲ್ಪ್ರಜೋಲಾಂನಂಥ ಮಾತ್ರೆಗೆ ಮೈ ಒಗ್ಗಿಬಿಡುತ್ತದೆ. ಅದರ ಮಂಪರಿನಲ್ಲಿ ಎದ್ದ ಮುದಿಜೀವ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮತ್ತೆ ಓಡಾಡುವುದೇ ಕಷ್ಟ. ಈಗಾಗಲೇ ನುಂಗುತ್ತಿದ್ದರೆ ಏಕಾಏಕಿ ನಿಲ್ಲಿಸಲೂಬೇಡಿ, ವೈದ್ಯರನ್ನು ಕೇಳಿಯೇ ಕಡಿಮೆ ಮಾಡಿ. ದೀರ್ಘಕಾಲದ ನಿದ್ರಾಹೀನತೆಗೆ ತಜ್ಞರು ಮೊದಲು ಹೇಳುವುದು ಅಭ್ಯಾಸವನ್ನೂ ಯೋಚನೆಯನ್ನೂ ತಿದ್ದುವ ಚಿಕಿತ್ಸೆಯನ್ನು: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಜಗಲಿಯಲ್ಲಿ ಕೂರುವುದು, ಕಣ್ಣು ಎಳೆದಾಗ ಮತ್ತೆ ಹಾಸಿಗೆ ಸೇರುವುದು. ಸಂಜೆಯ ಮೇಲೆ ಕಾಫಿ ಬೇಡ, ಹೊಗೆಸೊಪ್ಪಿನ ಕವಳವೂ ಬೇಡ.

ಮನಸ್ಸಿನ ಸಂಕಟಕ್ಕೆ 2022ರಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆದರೆ ಆ ನಂಬರು ಒತ್ತಲು ಅಮ್ಮನಿಗೆ ಬರುವುದಿಲ್ಲ, ಬಂದರೂ ಸಂಕೋಚ. ಕೇಳಬೇಕಾದವರು ನೀವು. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಎಷ್ಟು ದಿನದಿಂದ ಹೀಗೆ, ಮನಸ್ಸಿಗೆ ಏನಾಗಿದೆ ಎಂದು ಕೇಳಿ. ನೀವು ಬೆಂಗಳೂರಿನಲ್ಲಿದ್ದರೆ ಫೋನಿನಲ್ಲೇ ಕೇಳಿ. ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಈ ವಾರವೇ ಸರ್ಕಾರಿ ಆಸ್ಪತ್ರೆಗೆ ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿ.