ಎಂಟನೇ ಕ್ಲಾಸಿಗೆ ಮುಗಿಯುವ ಕಾಳಜಿ

ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಲ್ಲಿ ಕೂತು ಒಮ್ಮೆ ಹೊರಗೆ ನೋಡಿ. ಅಡ್ಮಿಷನ್ ಸಮಯದಲ್ಲಿ ಕಂಬಕ್ಕೊಂದು ಫ್ಲೆಕ್ಸ್. ಬೆಳ್ತಂಗಡಿ ಕಡೆಗೂ ಅದೇ ಕತೆ. ಮೊದಲು ಸ್ಮಾರ್ಟ್ ಕ್ಲಾಸ್, ಸ್ವಿಮ್ಮಿಂಗ್ ಪೂಲ್ ಇತ್ತು. ಈಗ ಹೊಸತು ಬಂದಿದೆ: ‘ಸ್ಟೂಡೆಂಟ್ ವೆಲ್‌ಬೀಯಿಂಗ್’, ‘ಲರ್ನಿಂಗ್ ಸಪೋರ್ಟ್’, ಶಾಲೆಯಲ್ಲೇ ಕೌನ್ಸೆಲರ್. ಹೆಸರಿನ ಬಾಲಕ್ಕೆ ‘ಇಂಟರ್‌ನ್ಯಾಷನಲ್’. ಮಕ್ಕಳ ಮನಸ್ಸು ನೋಡಿಕೊಳ್ಳುವುದು ಬೇಡ ಅಂತ ಯಾರು ಹೇಳ್ತಾರೆ? ಯಾರ ಮಕ್ಕಳದ್ದು ಅಂತ ಮಾತ್ರ ನನ್ನ ಪ್ರಶ್ನೆ.

ನನ್ನ ಅಕ್ಕನ ಮಗ 2017ರಲ್ಲಿ ಆರ್‌ಟಿಇ ಸೀಟಲ್ಲಿ ಇಂಥದ್ದೊಂದು ಶಾಲೆಗೆ ಒಂದನೇ ಕ್ಲಾಸಿಗೆ ಸೇರಿದ. ಶಾಲೆಯ ಹೆಸರು ಹೇಳುವುದಿಲ್ಲ, ಹುಡುಗನನ್ನು ಯಾರೂ ಗುರುತು ಹಿಡಿಯುವುದು ಬೇಡ. ಅಕ್ಕ ಬೀಡಿ ಕಟ್ಟುತ್ತಾಳೆ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ. ಆರನೇ ಕ್ಲಾಸಿನವರೆಗೆ ಹೇಗೋ ಸಾಗಿತು. ಏಳರಲ್ಲಿ ಹುಡುಗ ಮಾತೇ ನಿಲ್ಲಿಸಿದ. ಕೌನ್ಸೆಲರ್ ಹತ್ತಿರ ಕಳಿಸಿದರು. ಅವರು ಫೈಲಲ್ಲಿ ಬರೆದದ್ದು: ಆತ್ಮವಿಶ್ವಾಸದ ಕೊರತೆ, ಮನೆಯಲ್ಲಿ ಓದುವ ವಾತಾವರಣ ಇಲ್ಲ. ಸಪೋರ್ಟ್ ಕ್ಲಾಸಿಗೆ ಸೇರಿಸಿ ಅಂದರು. ಅದಕ್ಕೆ ಬೇರೆ ಫೀಸು, ತಿಂಗಳಿಗೆ ಅಕ್ಕನ ಹತ್ತು ದಿನದ ಮಜೂರಿ.

ವಿಷಯ ಎಂತ ಅಂತ ಗೊತ್ತಾದದ್ದು ಆರು ತಿಂಗಳ ನಂತರ. ‘ನಿನ್ನ ಪುಸ್ತಕ ಹೊಗೆಸೊಪ್ಪು ನಾರ್ತದೆ’ ಅಂತ ಪಕ್ಕದ ಹುಡುಗರು ಮೂಗು ಮುಚ್ಚುತ್ತಿದ್ದರಂತೆ. ಆಮೇಲೆ ಒಬ್ಬ ಕೇಳಿದನಂತೆ, ‘ನಿನ್ನ ಬರಿ ಯಾವುದು?’ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಜಾತಿ ಕೇಳುವ ನಾಜೂಕಿನ ದಾರಿ ಅದು. ಹನ್ನೆರಡು ವರ್ಷದ ಹುಡುಗನಿಗೆ ಅದನ್ನು ಕಲಿಸಿದ್ದು ಯಾವ ಇಂಟರ್‌ನ್ಯಾಷನಲ್ ಸಿಲೆಬಸ್ಸು ಮಾರಾಯ್ರೆ? ಅಂದಿನಿಂದ ಇವ ಕ್ಲಾಸಲ್ಲಿ ಎದ್ದು ಓದಲೇ ಇಲ್ಲ. ಕೌನ್ಸೆಲರ್ ಮೂರು ಸಲ ಕೂರಿಸಿ ಮಾತಾಡಿದ್ದರು, ಜಾತಿ ಅನ್ನುವ ಶಬ್ದ ಒಮ್ಮೆಯೂ ಬಂದಿರಲಿಲ್ಲ. ನಾನು ಹೋಗಿ ಕೇಳಿದರೆ, ‘ನಮ್ಮಲ್ಲಿ ಅದೆಲ್ಲ ಇಲ್ಲ ಸರ್, ಎಲ್ಲರೂ ಒಂದೇ’. ಶಾಲೆಯಲ್ಲಿ ಮಾನಸಿಕ ಹಿಂಸೆ ಕೂಡದು ಅಂತ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಹೇಳ್ತದೆ. ಆ ಮಕ್ಕಳ ಮೇಲೆ ಕೇಸು ಹಾಕುವ ಆಸೆ ನನಗಿಲ್ಲ, ಅವರೂ ಮಕ್ಕಳೇ. ಆದರೆ ರೋಗ ಇರುವುದು ಕ್ಲಾಸಿಗೆ, ಮದ್ದು ಕೊಟ್ಟದ್ದು ನಮ್ಮ ಹುಡುಗನಿಗೆ.

ತಪ್ಪು ನನ್ನದೂ ಉಂಟು. ಅವ ಸಪ್ಪೆ ಮುಖ ಮಾಡಿದಾಗಲೆಲ್ಲ ನಾನು ಭಾಷಣ ಬಿಗಿಯುತ್ತಿದ್ದೆ: ಬಾಬಾಸಾಹೇಬರು ಗೋಣಿ ಮೇಲೆ ಬೇರೆ ಕೂತು ಕಲಿತವರು, ನಿನಗೆಂತ ಕಷ್ಟ? ಒಂದಿನ ಅವ ಹೇಳಿದ, ‘ಮಾವ, ನನಗೆ ಬಾಬಾಸಾಹೇಬ್ ಆಗ್ಲಿಕ್ಕೆ ಆಗುದಿಲ್ಲ’. ಆ ರಾತ್ರಿ ನಿದ್ದೆ ಬರಲಿಲ್ಲ. ಹಾಸ್ಟೆಲು, ಸ್ಕಾಲರ್‌ಶಿಪ್ಪು ಅಂತ ನಾವು ಡಿಸಿ ಆಫೀಸಿನ ಮುಂದೆ ಕೂತಿದ್ದೇವೆ. ಮಗು ಯಾಕೆ ಸುಮ್ಮನಾಯ್ತು ಅಂತ ಕೇಳಿದ್ದು ಕಡಿಮೆ.

ಅವನಿಗೆ ಓದುವ ಕಷ್ಟ ನಿಜಕ್ಕೂ ಇದ್ದರೂ ಇರಬಹುದು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ಸರ್ಟಿಫಿಕೇಟ್ ಇದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಸಮಯ ಸಿಗ್ತದೆ. ಇದನ್ನು ಅಕ್ಕನಿಗೆ ಯಾರೂ ಹೇಳಲಿಲ್ಲ. ದುಡ್ಡಿದ್ದವರ ಮಗ ಅಕ್ಷರ ತಿರುವುಮುರುವು ಬರೆದರೆ ಡಿಸ್ಲೆಕ್ಸಿಯಾ, ನಮ್ಮವ ಬರೆದರೆ ದಡ್ಡ.

2025ರ ಮಾರ್ಚಿಗೆ ಎಂಟನೇ ಕ್ಲಾಸು ಮುಗೀತು. ಒಂಬತ್ತಕ್ಕೆ ಪೂರ್ತಿ ಫೀಸಿನ ಚೀಟಿ ಕೈಗೆ ಬಂತು. ಕಾಯ್ದೆ ಇರುವುದೇ ಎಂಟನೇವರೆಗೆ, ಶಾಲೆ ಅದನ್ನು ಮೀರಲಿಲ್ಲ. ಎಂಟು ವರ್ಷ ‘ನಮ್ಮ ಮಗು’, ಒಂಬತ್ತನೇ ವರ್ಷ ಬಾಕಿದಾರ.

ಈಗಿನ ಮಕ್ಕಳಿಗೆ ಅಷ್ಟೂ ಇಲ್ಲ. ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ 2019ರಲ್ಲಿ ನಿಯಮ ತಿದ್ದಿದರು. ಆಗ ಇದ್ದದ್ದು ಬಿಜೆಪಿ ಅಲ್ಲ, ಕಾಂಗ್ರೆಸ್-ಜೆಡಿಎಸ್ ಸರ್ಕಾರ, ನೆನಪಿರಲಿ. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. 2024ರಲ್ಲಿ ಮಹಾರಾಷ್ಟ್ರ ಇಂಥದ್ದೇ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟ್ ಜುಲೈಯಲ್ಲಿ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಮುಟ್ಟಲಿಲ್ಲ. ಇಲ್ಲಿ ಮಾತ್ರ ಎಲ್ಲರೂ ಮೌನ. ಇದೇ ಜಿಲ್ಲೆಯಲ್ಲಿ 1897ರಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ನಮ್ಮ ಅಜ್ಜಂದಿರ ಮಕ್ಕಳಿಗೆ ಶಾಲೆಯಲ್ಲೇ ಮಧ್ಯಾಹ್ನದ ಊಟ ಕೊಟ್ಟು ಕೂರಿಸಿದರು, ಫೀಸು ಕೇಳಲಿಲ್ಲ.

ಹುಡುಗ ಈಗ ಸರ್ಕಾರಿ ಹೈಸ್ಕೂಲಲ್ಲಿದ್ದಾನೆ. ಅಲ್ಲಿ ಕೌನ್ಸೆಲರ್ ಇಲ್ಲ. ಕನ್ನಡ ಮೇಷ್ಟ್ರು ಮೊದಲ ವಾರವೇ ತುಳುವಲ್ಲಿ ಮಾತಾಡಿಸಿದರಂತೆ, ಇವ ಉತ್ತರ ಕೊಟ್ಟನಂತೆ.

ಸೋಮವಾರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಬಿಇಒ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವ ಅಂತಿದ್ದೇನೆ. ಆರ್‌ಟಿಇಯಲ್ಲಿ ಸೇರಿದ ಮಕ್ಕಳಲ್ಲಿ ಎಷ್ಟು ಜನ ಅದೇ ಶಾಲೆಯಲ್ಲಿ ಒಂಬತ್ತಕ್ಕೆ ಹೋದರು, ಪರಿಶಿಷ್ಟರು ಎಷ್ಟು, 17ನೇ ಸೆಕ್ಷನ್ನಿನಲ್ಲಿ ಎಷ್ಟು ದೂರು ಬಂತು. ಅರ್ಜಿ ಟೈಪ್ ಮಾಡಿದ್ದೇನೆ, ಗುಮಾಸ್ತನಿಗೆ ಅಷ್ಟು ಬರ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಮೂರೂ ನಾನೇ ತೆಗೆದಿಟ್ಟಿದ್ದೇನೆ. ಬೆಳ್ತಂಗಡಿಗೆ ಹೋಗಲು ಒಬ್ಬರು ಬೇಕು, ನನಗೆ ಅಂದು ಅರ್ಧ ದಿನದ ರಜೆ ಮಾತ್ರ ಸಿಕ್ಕಿದೆ. ಬರುವವರು ಇನ್‌ಬಾಕ್ಸಿಗೆ ಮೆಸೇಜ್ ಹಾಕಿ.