ಒಡಲೊಳಗಿನ ದಾಸೋಹ

ಎಳ್ಳ ಅಮಾವಾಸ್ಯೆಯಂದು ಬೀದರ ಜಿಲ್ಲೆಯ ರೈತ ಕುಟುಂಬಗಳು ಹೊಲಕ್ಕೆ ತೆರಳಿ, ಭೂತಾಯಿಯನ್ನು ಪೂಜಿಸಿ, ಚರಗ ಚೆಲ್ಲಿ, ಬಂಧುಬಾಂಧವರೊಡನೆ ಕುಳಿತು ಉಣ್ಣುತ್ತವೆ. ಅಂದಿನ ಊಟದಲ್ಲಿ ಭಜ್ಜಿಯದೇ ಮೊದಲ ಸ್ಥಾನ. ಹಸಿ ತೊಗರಿ, ಕಡಲೆ, ಅವರೆ, ಬಟಾಣಿ, ಶೇಂಗಾ, ಬಗೆಬಗೆಯ ಸೊಪ್ಪು, ತರಕಾರಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಜೊತೆಗೆ ಸಜ್ಜೆ ರೊಟ್ಟಿ, ಜೋಳದ ಅಂಬಲಿ. ಹಬ್ಬದ ದಿನ ಹೀಗೆ ಸಂತೋಷದಿಂದ ಉಣ್ಣುವ ನಾವು, ಉಳಿದ ದಿನಗಳಲ್ಲಿ ಮಾತ್ರ "ಕಾಳು ತಿಂದರೆ ವಾಯು" ಎಂದು ಅವುಗಳಿಂದ ದೂರ ಸರಿಯುತ್ತಿದ್ದೇವೆ. ಬಿಳಿ ಅಕ್ಕಿಯ ಅನ್ನ, ತೆಳು ಸಾರು, ಮೈದಾ ಹಿಟ್ಟಿನ ತಿನಿಸು, ಸಕ್ಕರೆ ಸುರಿದ ಚಹಾ ನಿತ್ಯದ ಆಹಾರವಾಗಿವೆ. ಕಾಳಿನ ಬಗೆಗಿನ ಈ ಅಂಜಿಕೆಯು ಅರ್ಧ ತಿಳಿವಳಿಕೆಯಿಂದ ಹುಟ್ಟಿದ್ದು. ಉಳಿದರ್ಧವನ್ನು ಅರಿತರೆ ಕಾಳು ಮತ್ತು ಜೋಳಗಳು ನಮ್ಮ ಮನೆಯ ಎಡೆಗೂ ಮಠಗಳ ದಾಸೋಹಕ್ಕೂ ಮರಳಬೇಕೆಂಬುದು ಮನವರಿಕೆಯಾಗುತ್ತದೆ.

ನಾವು ಉಣ್ಣುವ ಪಿಷ್ಟ, ಕಬ್ಬಿನ ಸಕ್ಕರೆ ಮತ್ತು ಹಾಲಿನ ಸಕ್ಕರೆಗಳನ್ನು ಒಡೆಯಲು ಬೇಕಾದ ಕಿಣ್ವಗಳು ನಮ್ಮ ದೇಹದಲ್ಲಿಯೇ ಸಿದ್ಧವಾಗುತ್ತವೆ. ಅವುಗಳಿಂದ ಬಿಡುಗಡೆಯಾದ ಗ್ಲೂಕೋಸ್ ಸಣ್ಣ ಕರುಳಿನಲ್ಲಿಯೇ ರಕ್ತವನ್ನು ಸೇರುತ್ತದೆ. ಆದರೆ ತೊಗರಿ, ಕಡಲೆ, ಉದ್ದು, ಹೆಸರು, ಸೋಯಾಬೀನ್ ಮುಂತಾದವುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಬೇರೆ ಜಾತಿಯ ಸಕ್ಕರೆಗಳಿವೆ. ಸಾಮಾನ್ಯ ಸಕ್ಕರೆಗೆ ಗ್ಯಾಲಕ್ಟೋಸಿನ ಒಂದು ಕೊಂಡಿ ಸೇರಿದರೆ ರಾಫಿನೋಸ್, ಎರಡು ಸೇರಿದರೆ ಸ್ಟಾಕಿಯೋಸ್, ಮೂರು ಸೇರಿದರೆ ವರ್ಬಾಸ್ಕೋಸ್. ಆ ಕೊಂಡಿಯನ್ನು ಕಳಚುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವು ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಜೋಳ, ಸಜ್ಜೆಗಳ ಹೊರಪದರದಲ್ಲಿ ಅರಾಬಿನೋಸ್ ಮತ್ತು ಕ್ಸೈಲೋಸ್ ಎಂಬ ಸಕ್ಕರೆಗಳಿಂದ ಹೆಣೆದ ನಾರು ಇರುತ್ತದೆ. ಅದನ್ನು ಒಡೆಯುವ ಕಿಣ್ವವೂ ನಮ್ಮಲ್ಲಿಲ್ಲ. ಹೀಗಾಗಿ ಇವೆಲ್ಲವೂ ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುತ್ತವೆ.

ಅಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ನಮ್ಮ ಆಹಾರದ ಪಿಷ್ಟ ಮತ್ತು ಸಕ್ಕರೆಗಳನ್ನು ಒಡೆಯಲು ಮನುಷ್ಯ ದೇಹಕ್ಕಿರುವ ಕಿಣ್ವಗಳು 20ಕ್ಕಿಂತ ಕಡಿಮೆ. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಾಯ್ಡೀಸ್ ಗುಂಪಿನ ಒಂದೇ ಒಂದು ಪ್ರಭೇದದಲ್ಲಿ ಇಂಥ 150ಕ್ಕೂ ಹೆಚ್ಚು ಕಿಣ್ವಗಳ ನಕ್ಷೆ ಇರುವುದು 2003ರಲ್ಲಿ ಅದರ ವಂಶವಾಹಿಗಳನ್ನು ಓದಿದಾಗ ತಿಳಿದುಬಂದಿತು. ಈ ಜೀವಿಗಳು ಗ್ಯಾಲಕ್ಟೋಸಿನ ಕೊಂಡಿಯನ್ನು ಕಳಚುತ್ತವೆ. ಅರಾಬಿನೋಸ್, ಕ್ಸೈಲೋಸ್‌ಗಳ ರೂಪವನ್ನು ಹಂತಹಂತವಾಗಿ ಬದಲಿಸಿ, ತಮಗೆ ಮೊದಲೇ ಪರಿಚಿತವಾದ ಜೀವಕ್ರಿಯೆಯ ಹಾದಿಗೆ ತಂದು ಸೇರಿಸುತ್ತವೆ. ಆ ಸಕ್ಕರೆಯ ಇಂಗಾಲದ ಒಂದು ಭಾಗದಿಂದ ತಮ್ಮ ಮೈಯನ್ನು ಕಟ್ಟಿಕೊಳ್ಳುತ್ತವೆ. ಅದನ್ನು ಒಡೆಯುವಾಗ ಹೊಮ್ಮುವ ಶಕ್ತಿಯಿಂದ ಬದುಕುತ್ತವೆ.

ದೊಡ್ಡ ಕರುಳಿನಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಈ ಬ್ಯಾಕ್ಟೀರಿಯಗಳು ಸಕ್ಕರೆಯಲ್ಲಿರುವ ಶಕ್ತಿಯನ್ನು ಪೂರ್ತಿಯಾಗಿ ಹೀರಿಕೊಳ್ಳಲಾರವು. ತಮ್ಮ ಪಾಲನ್ನು ಪಡೆದು ಉಳಿದುದನ್ನು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳ ರೂಪದಲ್ಲಿ ಹೊರಬಿಡುತ್ತವೆ. ಹೀಗೆ ಉಳಿದುದು ನಮ್ಮ ಪಾಲು. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮಗೆ ಬೇಕಾದ ಶಕ್ತಿಯ ಬಹುಪಾಲನ್ನು ರಕ್ತದಿಂದಲ್ಲ, ಈ ಆಮ್ಲಗಳಿಂದ, ಅದರಲ್ಲಿಯೂ ಮುಖ್ಯವಾಗಿ ಬ್ಯುಟಿರೇಟಿನಿಂದಲೇ ಪಡೆಯುತ್ತವೆ. ಶರಣರು ಕಾಯಕ ಮತ್ತು ದಾಸೋಹಗಳನ್ನು ಒಂದೇ ಬದುಕಿನ ಎರಡು ಮುಖಗಳೆಂದು ಕಂಡರು. ಕಣ್ಣಿಗೆ ಕಾಣದ ಈ ಜೀವಿಗಳು ದುಡಿದು ಉಂಡು, ಉಳಿದುದನ್ನು ಆಶ್ರಯವಿತ್ತ ದೇಹಕ್ಕೆ ಮರಳಿಸುವ ರೀತಿಯನ್ನು ನೋಡಿದರೆ ಆ ತತ್ತ್ವವೇ ನೆನಪಿಗೆ ಬರುತ್ತದೆ.

ಈ ಕಾರ್ಯದಲ್ಲಿ ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳೂ ಉಂಟಾಗುತ್ತವೆ. ನಾವು ವಾಯುವೆಂದು ದೂರುವುದು ಇದನ್ನೇ. ಸ್ವಲ್ಪ ವಾಯು ರೋಗವಲ್ಲ. ಒಳಗೆ ಕೆಲಸ ನಡೆದಿದೆ ಎಂಬುದರ ಗುರುತು.

ಹಾಗಾದರೆ ಅಪರೂಪಕ್ಕೆ ಕಾಳು ತಿಂದವರಿಗೇ ಹೊಟ್ಟೆಯುಬ್ಬರ ಹೆಚ್ಚಾಗುವುದೇಕೆ? ಬ್ಯಾಕ್ಟೀರಿಯಗಳ ಸ್ವಭಾವದಲ್ಲಿ ಇದಕ್ಕೆ ಒಂದು ಉತ್ತರವಿದೆ. 1940ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ಜಾಕ್ ಮೊನೊ ಅವರು ಬ್ಯಾಕ್ಟೀರಿಯಗಳಿಗೆ ಒಟ್ಟಿಗೇ ಎರಡು ಬಗೆಯ ಸಕ್ಕರೆಗಳನ್ನು ಉಣಿಸಿ ನೋಡಿದರು. ಅವು ಮೊದಲು ಸುಲಭವಾದ ಗ್ಲೂಕೋಸನ್ನು ಮುಗಿಸಿದವು. ಬಳಿಕ ಕೆಲಹೊತ್ತು ಬೆಳವಣಿಗೆ ನಿಂತಿತು. ಎರಡನೆಯ ಸಕ್ಕರೆಗೆ ತಕ್ಕ ಕಿಣ್ವವನ್ನು ತಯಾರಿಸಿಕೊಂಡ ಮೇಲೆ ಮತ್ತೆ ಬೆಳೆಯತೊಡಗಿದವು. ಕಿಣ್ವಗಳ ತಯಾರಿಕೆಯು ಹೇಗೆ ನಿಯಂತ್ರಿತವಾಗುತ್ತದೆ ಎಂಬ ಶೋಧನೆಗಾಗಿ ಅವರಿಗೆ ಫ್ರಾನ್ಸ್ವಾ ಜಾಕೋಬ್ ಮತ್ತು ಆಂದ್ರೆ ಲ್ವಾಫ್ ಅವರೊಡನೆ 1965ರ ನೊಬೆಲ್ ಪ್ರಶಸ್ತಿ ದೊರೆಯಿತು. ಬ್ಯಾಕ್ಟೀರಿಯವು ಬೇಡದ ಕಿಣ್ವವನ್ನು ಸುಮ್ಮನೆ ತಯಾರಿಸಿ ಇಟ್ಟುಕೊಳ್ಳುವುದಿಲ್ಲ. ಹಾಗೆಯೇ ನಾರು ಮತ್ತು ಕಾಳಿನ ಸಕ್ಕರೆಗಳು ಬಹುಕಾಲ ಬಾರದಿದ್ದರೆ ಅವುಗಳನ್ನು ನಂಬಿದ ತಳಿಗಳು ಕ್ಷೀಣಿಸುತ್ತವೆ. ಸ್ವಲ್ಪಸ್ವಲ್ಪವಾಗಿ ನಿತ್ಯವೂ ಉಣ್ಣತೊಡಗಿದರೆ ಕೆಲವು ವಾರಗಳಲ್ಲಿ ಕರುಳು ಹೊಂದಿಕೊಂಡು, ಅನೇಕರಲ್ಲಿ ಉಬ್ಬರವು ತಗ್ಗುತ್ತದೆ. ಆದ್ದರಿಂದ ವಾಯುವಿಗೆ ಅಂಜಿ ಕಾಳನ್ನು ಬಿಡುವುದು, ದಾರಿ ಸವೆದಿಲ್ಲವೆಂದು ನಡೆಯುವುದನ್ನೇ ನಿಲ್ಲಿಸಿದಂತೆ.

ತಾಯಿಯ ಹಾಲಿನಲ್ಲಿಯೂ ಇದೇ ವ್ಯವಸ್ಥೆಯಿದೆ. ಶಿಶುವು ಜೀರ್ಣಿಸಿಕೊಳ್ಳಲಾಗದ ವಿಶೇಷ ಸಕ್ಕರೆಗಳು ಅದರಲ್ಲಿವೆ. ಅವು ಶಿಶುವಿನ ಕರುಳಿನಲ್ಲಿ ನೆಲೆಸುವ ಬೈಫಿಡೋಬ್ಯಾಕ್ಟೀರಿಯಗಳ ಆಹಾರ. ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂಬ ವೈದ್ಯರ ಮಾತಿಗೆ ಇದೂ ಒಂದು ಕಾರಣ. ಹುಟ್ಟಿದ ಕೂಸಿನ ಬಾಯಿಗೆ ಸಕ್ಕರೆ ನೀರು, ಜೇನುತುಪ್ಪ ಹಾಕುವ ರೂಢಿಯನ್ನು ನಾವು ಬಿಡಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯಕಾರಿಯೂ ಹೌದು.

ನಮ್ಮ ಜಿಲ್ಲೆಯು ಬೇಳೆಕಾಳುಗಳ ಸೀಮೆ. ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಲ್ಲಿ ತೊಗರಿ, ಉದ್ದು, ಹೆಸರು, ಕಡಲೆ ಬೆಳೆಯುತ್ತವೆ. ಸೋಯಾಬೀನ್ ಇಂದು ಮುಂಗಾರಿನ ಮುಖ್ಯ ಬೆಳೆಯಾಗಿದೆ. ಬೆಳೆದವರ ಮನೆಯಿಂದ ಕಾಳೆಲ್ಲ ಅಡತಿಗೆ ಹೋಗಿ, ಮನೆಗೆ ಸಕ್ಕರೆಯ ಚೀಲ ಬರುವುದು ವಿಷಾದದ ಸಂಗತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು 2,000 ಕಿಲೋಕ್ಯಾಲರಿಯ ದಿನದ ಊಟದಲ್ಲಿ ಸುಮಾರು 85 ಗ್ರಾಂ ಬೇಳೆಕಾಳು ಇರಲಿ ಎನ್ನುತ್ತದೆ. ತೆಳುಸಾರಿನಲ್ಲಿ ತೇಲುವ ನಾಲ್ಕು ಬೇಳೆಗಳಿಂದ ಆ ಪ್ರಮಾಣ ತುಂಬುವುದಿಲ್ಲ.

ಕಾಳನ್ನು ಹದವಾಗಿ ಅಡುವ ವಿಧಾನವು ನಮ್ಮ ತಾಯಂದಿರಿಗೆ ಹೊಸದೇನಲ್ಲ. ಇಡಿಗಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿದರೆ ಈ ಸಕ್ಕರೆಗಳಲ್ಲಿ ಒಂದಷ್ಟು ನೀರಿನೊಡನೆ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನಷ್ಟು ಕಡಿಮೆಯಾಗುತ್ತದೆ. ಮೊಳೆಯುವ ಬೀಜವು ತನ್ನ ಬೆಳವಣಿಗೆಗೆ ಅದನ್ನೇ ಬಳಸಿಕೊಳ್ಳುತ್ತದೆ. ಮೊದಲ ವಾರ ಅರ್ಧ ಬಟ್ಟಲಿನಿಂದ ಆರಂಭಿಸಿ ಮೆಲ್ಲಗೆ ಹೆಚ್ಚಿಸಬಹುದು. ಜೋಳದ ಹಿಟ್ಟನ್ನು ತೀರ ನುಣ್ಣಗೆ ಜರಡಿ ಹಿಡಿದು ತೌಡನ್ನು ಚೆಲ್ಲದಿರುವುದು ಒಳಿತು. ಸಾಮಾನ್ಯ ಶೀತಕ್ಕೆ, ಒಂದೆರಡು ದಿನದ ಭೇದಿಗೆ ವೈದ್ಯರನ್ನು ಕೇಳದೆ ಅಂಗಡಿಯಿಂದ ಆಂಟಿಬಯಾಟಿಕ್ ಗುಳಿಗೆ ತಂದು ನುಂಗುವುದು ಸಲ್ಲದು. ಅದು ರೋಗಾಣುವಿನ ಜೊತೆಗೆ ಒಳಗಿನ ಕಾಯಕಜೀವಿಗಳನ್ನೂ ಕೊಲ್ಲುತ್ತದೆ.

ಎಲ್ಲರಿಗೂ ಒಂದೇ ಅಳತೆ ಸರಿಹೊಂದದು ಎಂಬುದನ್ನೂ ಹೇಳಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು, ಕರುಳಿನ ಬೇನೆಯಿಂದ ಬಳಲುವವರು ವೈದ್ಯರ ಸಲಹೆಯಂತೆ ನಡೆಯಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ನೋವು ಇದ್ದರೆ ವಾಯುವೆಂದು ಅಲಕ್ಷಿಸದೆ ಕೂಡಲೇ ತಪಾಸಣೆ ಮಾಡಿಸಿಕೊಳ್ಳಬೇಕು.

ಮಠಗಳ ದಾಸೋಹಕ್ಕೆ ಈ ವಿಷಯದಲ್ಲಿ ದೊಡ್ಡ ಶಕ್ತಿಯಿದೆ. ಭಕ್ತರು ಮಠದಲ್ಲಿ ಉಂಡುದನ್ನು ಮನೆಯಲ್ಲಿಯೂ ಆದರಿಸುತ್ತಾರೆ. ಜಾತ್ರೆ, ಶಿವಾನುಭವ ಗೋಷ್ಠಿ, ಸಾಮೂಹಿಕ ವಿವಾಹಗಳ ಪಂಕ್ತಿಯಲ್ಲಿ ಒಂದು ಸಿಹಿಯನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಮೊಳಕೆ ಕಾಳಿನ ಪಲ್ಯವನ್ನೂ ಜೋಳದ ರೊಟ್ಟಿಯನ್ನೂ ಬಡಿಸಿದರೆ ಖರ್ಚೇನೂ ಬಹಳ ಹೆಚ್ಚದು. ದಾಸೋಹಕ್ಕೆ ದವಸ ಒಪ್ಪಿಸುವ ಭಕ್ತರು ಅಕ್ಕಿಯ ಜೊತೆಗೆ ತಮ್ಮ ಹೊಲದ ಒಂದು ಸೇರು ಕಾಳನ್ನೂ ತರುವಂತಾಗಲಿ. ಹಸಿದು ಬಂದವರಿಗೆ ಉಣಿಸುವಾಗ, ಅವರ ಒಡಲೊಳಗೆ ಹಸಿದು ಕಾದಿರುವ ಜೀವಿಗಳಿಗೂ ಒಂದು ತುತ್ತು ಸಲ್ಲಲಿ.